ಲಿಸ್ಬನ್–ಅಥೆನ್ಸ್: ದೂರ ನಿಜಕ್ಕೂ ಎಷ್ಟು, ವಿಮಾನದಲ್ಲಿ ಎಷ್ಟು ಹೊತ್ತು?

ದಿಕ್ಸೂಚಿ ಕೇಳಿದ್ದು:

ಲಿಸ್ಬನ್‌ನಿಂದ ಅಥೆನ್ಸ್‌ಗೆ ಹೋಗಿಬರುವ ಲೆಕ್ಕ ಹಾಕಲು ಕೂತರೆ ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತಿದೆ. ಒಂದು ಸೈಟ್ 2,852 ಕಿ.ಮೀ. ಅನ್ನುತ್ತೆ, ಇನ್ನೊಂದು 2,870 ಅನ್ನುತ್ತೆ, ಮತ್ತೊಂದರಲ್ಲಿ ಬರೀ 1,550 ಅಂತ ಇದೆ. ರಸ್ತೆಯ ದೂರ ಕೇಳಿದರೆ ಸುಮಾರು 4,400 ತೋರಿಸುತ್ತೆ. ಇದರಲ್ಲಿ ಯಾವುದನ್ನು ನಂಬಬೇಕು?

ಸಮಯದ್ದು ಇನ್ನೂ ಗೋಜಲು. ಒಂದು ಡೈರೆಕ್ಟ್ ಫ್ಲೈಟ್ ಲಿಸ್ಬನ್ ಬಿಡುವುದು 13:10ಕ್ಕೆ, ಅಥೆನ್ಸ್ ತಲುಪುವುದು 19:05ಕ್ಕೆ. ವಾಪಸ್ ಬರುವಾಗ 09:00ಕ್ಕೆ ಬಿಟ್ಟು 11:30ಕ್ಕೇ ಲಿಸ್ಬನ್. ಹೋಗುವಾಗ ಸುಮಾರು ಆರು ಗಂಟೆ, ಬರುವಾಗ ಎರಡೂವರೆ ಗಂಟೆ! ಟೈಮ್ ಜೋನ್ ಬೇರೆ ಅನ್ನುವುದು ಗೊತ್ತು, ಆದರೆ ಅದನ್ನು ಕಳೆದರೂ ಎರಡೂ ಕಡೆ ಸಮ ಬರುತ್ತಿಲ್ಲ. ಜೆಟ್ ವಿಮಾನದ ವೇಗ ಗಂಟೆಗೆ 830 ಕಿ.ಮೀ. ಆಸುಪಾಸು ಅಂತಾರಲ್ಲ, ಅದರಿಂದ ಭಾಗಿಸಿದರೆ ಮೂರೂವರೆ ಗಂಟೆಗೂ ಕಡಿಮೆ ಬರುತ್ತೆ. ಉಳಿದ ಹೊತ್ತು ಎಲ್ಲಿ ಹೋಯಿತು?

ಜೊತೆಗೆ, ಡೈರೆಕ್ಟ್ ಫ್ಲೈಟ್ ಇಲ್ಲದ ದಿನ ರೋಮ್ ಮೇಲೆ ಹೋಗುವುದು ಒಳ್ಳೆಯದೋ ಫ್ರಾಂಕ್‌ಫರ್ಟ್ ಮೇಲೋ? ಕಾರಿನ ದಾರಿ ತಿಳಿದವರಿದ್ದರೆ ಅದನ್ನೂ ಬರೆಯಿರಿ.

---

ಅಕ್ಷಾಂಶ_38 ಉತ್ತರ:

ದೂರದ ವಿಷಯ ಮೊದಲು ಮುಗಿಸೋಣ. ನೀವು ಕೊಟ್ಟ ನಾಲ್ಕು ಅಂಕಿಗಳೂ ಸರಿ. ಒಂದೊಂದೂ ಬೇರೆ ಬೇರೆ ವಸ್ತುವನ್ನು ಅಳೆದಿದೆ, ಅಷ್ಟೇ.

2,852 ಅಂದರೆ ಊರಿನ ನಡುವಿನಿಂದ ಊರಿನ ನಡುವಿಗೆ, ಭೂಮಿಯ ಮೇಲ್ಮೈ ಮೇಲೆ ಅತಿ ಹತ್ತಿರದ ದಾರಿ. ಇದಕ್ಕೆ ಗ್ರೇಟ್ ಸರ್ಕಲ್ ದೂರ ಅನ್ನುತ್ತಾರೆ. 2,870 ಬರುವುದು ಏರ್‌ಪೋರ್ಟ್‌ನಿಂದ ಏರ್‌ಪೋರ್ಟ್‌ಗೆ ಅಳೆದಾಗ. ಲಿಸ್ಬನ್ ಏರ್‌ಪೋರ್ಟ್ ಊರೊಳಗೇ ಇದೆ. ಅಥೆನ್ಸ್‌ನದು ಊರಿನ ಪೂರ್ವಕ್ಕೆ, ಸ್ಪಾಟಾ ಬಳಿ, ನೇರ ಗೆರೆಯಲ್ಲಿ ಸುಮಾರು 20 ಕಿ.ಮೀ. ಆಚೆ. ಪಶ್ಚಿಮದಿಂದ ಬರುವ ವಿಮಾನ ಅಥೆನ್ಸ್ ದಾಟಿಕೊಂಡು ಹೋಗಿ ಇಳಿಯಬೇಕು, ಆ ಹೆಚ್ಚುವರಿ 18 ಕಿ.ಮೀ. ಬಂದಿದ್ದು ಅಲ್ಲಿಂದ. 1,550 ಅಂತ ಇರುವುದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಗುಣಿಸಿ ನೋಡಿ, 2,870ಕ್ಕೇ ಬಂದು ನಿಲ್ಲುತ್ತೆ. ಸಾಮಾನ್ಯ ಮೈಲಿಯಲ್ಲಿ ಹೇಳಿದರೆ ಸುಮಾರು 1,783. ವೈಮಾನಿಕ ಸೈಟ್‌ಗಳಲ್ಲಿ ಘಟಕ ಬರೆಯದೆ ಅಂಕಿ ಮಾತ್ರ ಇದ್ದರೆ ನಾಟಿಕಲ್ ಮೈಲಿ ಅಂತಲೇ ಮೊದಲು ಅನುಮಾನಿಸಿ.

ಐದಾರು ಕಿ.ಮೀ. ವ್ಯತ್ಯಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಕ್ಯಾಲ್ಕುಲೇಟರ್‌ಗಳು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ಣ ಗೋಳ ಅಂದುಕೊಳ್ಳುತ್ತವೆ, ಕೆಲವು ಧ್ರುವಗಳ ಕಡೆ ಚಪ್ಪಟೆಯಾದ ನಿಜ ಆಕಾರವನ್ನು ತೆಗೆದುಕೊಳ್ಳುತ್ತವೆ. ಪೂರ್ವ-ಪಶ್ಚಿಮವಾಗಿ ಸಾಗುವ ಈ ದಾರಿಯಲ್ಲಿ ಎರಡನೆಯದು ಸ್ವಲ್ಪ ಜಾಸ್ತಿ ತೋರಿಸುತ್ತೆ.

ನೀವೇ ಲೆಕ್ಕ ಹಾಕಬೇಕಾದರೆ ಹೀಗೆ. ಲಿಸ್ಬನ್ 38.72 ಉತ್ತರ, 9.14 ಪಶ್ಚಿಮ. ಅಥೆನ್ಸ್ 37.98 ಉತ್ತರ, 23.73 ಪೂರ್ವ. ರೇಖಾಂಶಗಳ ಅಂತರ 32.87 ಡಿಗ್ರಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.38494. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ 32.87ರ ಕೊಸೈನನ್ನೂ ಒಟ್ಟಿಗೆ ಗುಣಿಸಿದರೆ 0.51652. ಕೂಡಿಸಿದರೆ 0.90146. ಯಾವ ಕೋನದ ಕೊಸೈನ್ ಇದು ಅಂತ ನೋಡಿದರೆ 25.65 ಡಿಗ್ರಿ. ಒಂದು ಡಿಗ್ರಿಗೆ 111.195 ಕಿ.ಮೀ., ಅಲ್ಲಿಗೆ 2,852.

ಇಲ್ಲಿ ಎಡವುವ ಜಾಗ ಎರಡು. ಸ್ಪ್ರೆಡ್‌ಶೀಟ್‌ನ ಸೈನ್, ಕೊಸೈನ್ ಫಂಕ್ಷನ್‌ಗಳು ರೇಡಿಯನ್ ಕೇಳುತ್ತವೆ. ಡಿಗ್ರಿಯನ್ನೇ ಕೊಟ್ಟರೆ ಅರ್ಥವಿಲ್ಲದ ಉತ್ತರ ಬರುತ್ತೆ. ಎರಡನೆಯದು, ಲಿಸ್ಬನ್ ಗ್ರೀನ್‌ವಿಚ್‌ನ ಪಶ್ಚಿಮಕ್ಕಿದೆ, ಹಾಗಾಗಿ ಅದರ ರೇಖಾಂಶ ಮೈನಸ್ 9.14. ಮೈನಸ್ ಮರೆತರೆ ಅಂತರ 32.87ರ ಬದಲು 14.59 ಆಗುತ್ತೆ, ಉತ್ತರ ಸುಮಾರು 1,270 ಕಿ.ಮೀ.ಗೆ ಕುಸಿಯುತ್ತೆ. ನಿಮ್ಮ ಹಾಳೆಯಲ್ಲಿ 1,270ರ ಆಸುಪಾಸು ಏನಾದರೂ ಕಂಡರೆ ಬೇರೆಲ್ಲೂ ಹುಡುಕಬೇಡಿ, ಆ ಮೈನಸ್ ಒಂದನ್ನೇ ನೋಡಿ.

---

ದಿಕ್ಸೂಚಿ:

ತುಂಬಾ ಸ್ಪಷ್ಟವಾಯಿತು, ಧನ್ಯವಾದ. ಒಂದು ಸಣ್ಣ ಅನುಮಾನ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಹಾಗಿದ್ದರೆ ವಿಮಾನ ಸೀದಾ ಪೂರ್ವಕ್ಕೆ ಮೂಗು ಮಾಡಿಕೊಂಡು ಹೋದರೆ ಸಾಲದೇ? ಮ್ಯಾಪ್‌ನಲ್ಲಿ ದಾರಿ ಯಾಕೆ ಉತ್ತರಕ್ಕೆ ಬಿಲ್ಲಿನ ಹಾಗೆ ಬಾಗಿದೆ?

---

ಅಕ್ಷಾಂಶ_38:

ಗೋಳದ ಮೇಲೆ ಅಕ್ಷಾಂಶದ ಗೆರೆ ನೇರ ದಾರಿ ಅಲ್ಲ, ಭೂಮಧ್ಯರೇಖೆಯೊಂದನ್ನು ಬಿಟ್ಟು. ಗ್ಲೋಬ್ ಸಿಕ್ಕರೆ ಎರಡು ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನೇ ಮೇಲಕ್ಕೆ ಸರಿದು ಕೂರುತ್ತೆ. ಈ ದಾರಿಯ ನಟ್ಟನಡುವೆ ಆ ಬಾಗು ಸುಮಾರು 130 ಕಿ.ಮೀ. ಉತ್ತರಕ್ಕಿದೆ. ನೋಡಲು ದೊಡ್ಡದು, ಆದರೆ ಅದರಿಂದ ಉಳಿಯುವುದು 14-15 ಕಿ.ಮೀ. ಮಾತ್ರ, ವಿಮಾನಕ್ಕೆ ಒಂದು ನಿಮಿಷದ ಕೆಲಸ. ಅಟ್ಲಾಂಟಿಕ್ ದಾಟುವಂಥ ದೂರದ ದಾರಿಗಳಲ್ಲಿ ಈ ಉಳಿತಾಯ ನೂರಾರು ಕಿ.ಮೀ.ಗೆ ಹೋಗುತ್ತೆ. ಇಲ್ಲಿ ಅಷ್ಟಿಲ್ಲ.

ಆ ಗೆರೆ ಎಲ್ಲೆಲ್ಲಿ ಹಾಯುತ್ತೆ ಅನ್ನುವುದು ಮಾತ್ರ ಬಹಳ ಚೆಂದ. ಲಿಸ್ಬನ್‌ನಿಂದ ಹೊರಟು ಸ್ಪೇನ್ ಗಡಿಯನ್ನು ಬಡಾಹೋಸ್ ಪಕ್ಕದಲ್ಲಿ ದಾಟುತ್ತೆ. ವಲೆನ್ಸಿಯಾ ಹತ್ತಿರ ನೆಲ ಬಿಟ್ಟು ಸಮುದ್ರಕ್ಕಿಳಿದು, ಮಯೋರ್ಕಾ ದ್ವೀಪದ ಪಾಲ್ಮಾ ಮೇಲೆ ಹಾಯ್ದು, ಸಾರ್ಡೀನಿಯಾದಲ್ಲಿ ಕಾಲ್ಯಾರಿಯ ತುಸು ಉತ್ತರಕ್ಕೆ ಹೋಗುತ್ತೆ. ಅಲ್ಲಿಂದ ಇಟಲಿಯ ಪಾದದಲ್ಲಿ ಕತನ್ಜಾರೋ, ಅಯೋನಿಯನ್ ಸಮುದ್ರ, ಪಾತ್ರಾಸ್, ಕೊನೆಗೆ ಅಥೆನ್ಸ್. ಹಗಲು ಫ್ಲೈಟ್ ಆಗಿದ್ದು ಮೋಡ ಇಲ್ಲದಿದ್ದರೆ ಕಿಟಕಿ ಪಕ್ಕ ಕೂತು ದ್ವೀಪಗಳನ್ನು ಒಂದೊಂದಾಗಿ ಗುರುತು ಹಿಡಿಯಬಹುದು. ಆ ದಿನದ ನಿಜವಾದ ದಾರಿ ಇದರಿಂದ ಆಚೀಚೆ ಆಗುತ್ತೆ ಅನ್ನುವುದು ನೆನಪಿರಲಿ.

---

ಮೋಡದಮೇಲೆ ಉತ್ತರ:

ಸಮಯದ ಲೆಕ್ಕ ನಾನು ಬಿಡಿಸುತ್ತೇನೆ.

ಮೊದಲು ಗಡಿಯಾರ. ಪೋರ್ಚುಗಲ್ ಚಳಿಗಾಲದಲ್ಲಿ ಯುಟಿಸಿ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ), ಬೇಸಿಗೆಯಲ್ಲಿ ಯುಟಿಸಿ+1. ಗ್ರೀಸ್ ಚಳಿಗಾಲದಲ್ಲಿ +2, ಬೇಸಿಗೆಯಲ್ಲಿ +3. ವರ್ಷವಿಡೀ ಅಂತರ ಎರಡೇ ಗಂಟೆ. ಗಡಿಯಾರ ಬದಲಾಗುವ ದಿನವೂ ಇದು ತಪ್ಪುವುದಿಲ್ಲ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಯುಟಿಸಿ 01:00ಕ್ಕೆ, ಎರಡೂ ದೇಶಗಳು ಒಂದೇ ಕ್ಷಣದಲ್ಲಿ ಬದಲಾಯಿಸುತ್ತವೆ. ಟಿಕೆಟ್‌ನಲ್ಲಿರುವುದು ಯಾವಾಗಲೂ ಆಯಾ ಊರಿನ ಸಮಯ. ಹೋಗುವಾಗ 5:55ರಿಂದ ಎರಡು ಗಂಟೆ ಕಳೆಯಿರಿ, 3:55. ಬರುವಾಗ 2:30ಕ್ಕೆ ಎರಡು ಗಂಟೆ ಕೂಡಿಸಿ, 4:30. ಈಗ ನಿಮ್ಮ ನಿಜವಾದ ಪ್ರಶ್ನೆ ಉಳಿಯಿತು. 35 ನಿಮಿಷದ ವ್ಯತ್ಯಾಸ ಎಲ್ಲಿಂದ?

ಗಾಳಿಯಿಂದ. ಈ ಅಕ್ಷಾಂಶಗಳಲ್ಲಿ 10-11 ಕಿ.ಮೀ. ಎತ್ತರದಲ್ಲಿ ಗಾಳಿ ಮುಖ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಎ320 ಅಥವಾ 737 ತರಹದ ವಿಮಾನ ಮ್ಯಾಕ್ 0.78ರ ಸುಮಾರಿನಲ್ಲಿ ಹಾರುತ್ತೆ. 36,000 ಅಡಿಯಲ್ಲಿ ಸಾಮಾನ್ಯ ಉಷ್ಣತೆ ಮೈನಸ್ 56 ಡಿಗ್ರಿ, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಅದರ 0.78 ಪಾಲು 828. ಇದು ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಹಿಂದಿನಿಂದ 70 ಕಿ.ಮೀ. ಗಾಳಿ ಇದ್ದರೆ ನೆಲದ ಮೇಲಿನ ವೇಗ 898, ಎದುರಿನಿಂದ ಅಷ್ಟೇ ಇದ್ದರೆ 758. 2,870ನ್ನು ಭಾಗಿಸಿ ನೋಡಿ. ಹೋಗುವಾಗ 3 ಗಂಟೆ 12 ನಿಮಿಷ, ಬರುವಾಗ 3 ಗಂಟೆ 47 ನಿಮಿಷ. ಅಂತರ ಕರೆಕ್ಟಾಗಿ 35 ನಿಮಿಷ.

ಹಾಗಾದರೆ ಎರಡೂ ಕಡೆ ಮಿಕ್ಕ 43 ನಿಮಿಷ? ನೀವು 830ರಿಂದ ಭಾಗಿಸಿದಾಗ ವಿಮಾನ ಗೇಟಿನಿಂದಲೇ ಪೂರ್ತಿ ವೇಗದಲ್ಲಿ ಹೊರಟಿತು ಅಂತ ಲೆಕ್ಕ ಹಿಡಿದಂತಾಯಿತು. ಟಿಕೆಟ್‌ನ ಸಮಯ ಬ್ಲಾಕ್ ಟೈಮ್. ಗೇಟಿನಲ್ಲಿ ಚಕ್ರದ ಅಡ್ಡಕಟ್ಟೆ ತೆಗೆದಾಗಿನಿಂದ ಆಚೆ ಊರಿನ ಗೇಟಿನಲ್ಲಿ ಮತ್ತೆ ಇಡುವವರೆಗೆ. ಅದರೊಳಗೆ ಹೊರಡುವಾಗಿನ ಟ್ಯಾಕ್ಸಿ (ಗೇಟಿಗೂ ರನ್‌ವೇಗೂ ನಡುವೆ ವಿಮಾನ ನೆಲದ ಮೇಲೆ ಉರುಳುವುದು) 15 ನಿಮಿಷ, ಇಳಿದ ಮೇಲಿನ ಟ್ಯಾಕ್ಸಿ 8, ಮೇಲೇರುವಾಗ ಮತ್ತು ಇಳಿಯುವಾಗ ನಿಧಾನ ಇರುವುದರಿಂದ 12ರಷ್ಟು. ದಾರಿ ಗ್ರೇಟ್ ಸರ್ಕಲ್‌ಗಿಂತ ಎರಡು-ಮೂರು ಶೇಕಡಾ ಉದ್ದ ಆಗುವುದಕ್ಕೆ 5-6 ನಿಮಿಷ. ರನ್‌ವೇಯ ದಿಕ್ಕಿಗೆ ತಿರುಗಿಕೊಳ್ಳಬೇಕು, ಮಿಲಿಟರಿ ವಲಯ ಬಳಸಿ ಹೋಗಬೇಕು, ಇಳಿಯುವ ಸಾಲಿನಲ್ಲಿ ಸೇರಿಕೊಳ್ಳಬೇಕು. ಪೋರ್ಚುಗಲ್ 2009ರಲ್ಲೇ ತನ್ನ ವಾಯುಪ್ರದೇಶದಲ್ಲಿ ಫ್ರೀ ರೂಟ್ ಪದ್ಧತಿ ತಂದಿತು, ಯುರೋಪಿನಲ್ಲಿ ಅದೇ ಮೊದಲು. ನಿಗದಿತ ವಾಯುಮಾರ್ಗ ಹಿಡಿಯದೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೇರ ಹೋಗಬಹುದು. ಆಮೇಲೆ ಬೇರೆ ದೇಶಗಳೂ ತಂದವು. ಆ ಕಾರಣಕ್ಕೇ ಈ ಹೆಚ್ಚಳ ಈಗ ಇಷ್ಟು ಸಣ್ಣದು.

ಮಿಕ್ಕ ಒಂದೆರಡು ನಿಮಿಷ ಏರ್‌ಲೈನ್ ಇಟ್ಟುಕೊಳ್ಳುವ ಸಡಿಲ. ದಟ್ಟಣೆಯ ಹೊತ್ತಿನ ಫ್ಲೈಟ್‌ಗೆ ಇದು ಹೆಚ್ಚೇ ಇರುತ್ತೆ. ಹಾಗಾಗಿ ವೇಳಾಪಟ್ಟಿಯಲ್ಲಿ ಹೋಗುವ ಸಮಯ 3:45ರಿಂದ 4:00, ಬರುವ ಸಮಯ 4:20ರಿಂದ 4:40 ಕಂಡರೆ ಅದು ಸಹಜ.

ಚಳಿಗಾಲದಲ್ಲಿ ಮೇಲಿನ ಗಾಳಿ ಜೋರು, ಬೇಸಿಗೆಯಲ್ಲಿ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಹರಿಯುವ ಆ ಜೋರು ಗಾಳಿಯ ಪಟ್ಟಿ) ಉತ್ತರಕ್ಕೆ ಸರಿದು ಇಲ್ಲಿ ಗಾಳಿ ಕಡಿಮೆ. ಏರ್‌ಲೈನ್‌ಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರದಿಂದ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರದಿಂದ ಶುರು. ಅದೇ ಫ್ಲೈಟ್ ನಂಬರ್‌ಗೆ ಎರಡು ಕಾಲದಲ್ಲಿ ಐದು-ಹತ್ತು ನಿಮಿಷ ಬೇರೆ ಕಂಡರೆ ತಪ್ಪು ಅಚ್ಚಾಗಿದೆ ಅಂದುಕೊಳ್ಳಬೇಡಿ.

---

ಅಕ್ಷಾಂಶ_38:

ಇದಕ್ಕೆ ಒಂದು ಮಾತು ಸೇರಿಸಬೇಕು. ಹಿಂದಿನ ಗಾಳಿ ಉಳಿಸಿದಷ್ಟನ್ನೇ ಎದುರು ಗಾಳಿ ತಿನ್ನುತ್ತೆ ಅಂತ ಅನೇಕರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಗಾಳಿಯೇ ಇಲ್ಲದಿದ್ದರೆ 3 ಗಂಟೆ 28 ನಿಮಿಷ. 100 ಕಿ.ಮೀ. ಹಿಂಗಾಳಿ ಇದ್ದರೆ 3:06, ಅಂದರೆ 22 ನಿಮಿಷ ಲಾಭ. ಅದೇ 100 ಎದುರು ಬಂದರೆ 3:57, ಅಂದರೆ 29 ನಿಮಿಷ ನಷ್ಟ. ಎದುರು ಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತೆ, ಆದ್ದರಿಂದ ಅದರ ಹೊಡೆತ ಹೆಚ್ಚು. ಹೋಗಿಬರುವ ಒಟ್ಟು ಲೆಕ್ಕದಲ್ಲಿ ಗಾಳಿ ಯಾವತ್ತೂ ನಷ್ಟವೇ.

---

ವೇಳಾಪಟ್ಟಿ ಉತ್ತರ:

ರೋಮ್ ಅಥವಾ ಫ್ರಾಂಕ್‌ಫರ್ಟ್ ಅಂತ ಕೇಳಿದ್ದಿರಿ.

ಲಿಸ್ಬನ್‌ನಿಂದ ರೋಮ್ ಫ್ಯೂಮಿಚಿನೋಗೆ ಸುಮಾರು 1,840, ಅಲ್ಲಿಂದ ಅಥೆನ್ಸ್‌ಗೆ ಸುಮಾರು 1,086. ಒಟ್ಟು 2,926. ನೇರ ದಾರಿಗಿಂತ 56 ಕಿ.ಮೀ. ಮಾತ್ರ ಜಾಸ್ತಿ, ರೋಮ್ ಬಹುತೇಕ ದಾರಿಯಲ್ಲೇ ಇದೆ. ಫ್ರಾಂಕ್‌ಫರ್ಟ್ ಮೇಲೆ 1,874 ಮತ್ತು 1,815, ಒಟ್ಟು 3,689. ಅಂದರೆ 800 ಕಿ.ಮೀ.ಗೂ ಹೆಚ್ಚು ಸುತ್ತು.

ಆದರೆ ದೂರ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಮೋಡದಮೇಲೆ ಹೇಳಿದ ಆ 40-45 ನಿಮಿಷದ ಟ್ಯಾಕ್ಸಿ, ಏರಿಕೆ, ಇಳಿಕೆ ಖರ್ಚು ಪ್ರತಿ ಹಾರಾಟಕ್ಕೂ ಹೊಸದಾಗಿ ಬೀಳುತ್ತೆ. ರೋಮ್‌ನ 56 ಕಿ.ಮೀ. ನಾಲ್ಕು ನಿಮಿಷ ತಿಂದರೆ, ಅಲ್ಲಿ ಇಳಿದು ಮತ್ತೆ ಏರುವುದು ಅದರ ಹತ್ತರಷ್ಟು ತಿನ್ನುತ್ತೆ. ನಡುವೆ ಒಂದೂವರೆ ಗಂಟೆಯ ಲೇಓವರ್ (ಮುಂದಿನ ಫ್ಲೈಟ್‌ಗೆ ಕಾಯುವ ಹೊತ್ತು) ಇಟ್ಟರೆ ರೋಮ್ ಮೇಲೆ ಆರೂಕಾಲು-ಆರೂವರೆ ಗಂಟೆ, ಫ್ರಾಂಕ್‌ಫರ್ಟ್ ಮೇಲೆ ಏಳೂಕಾಲು ಗಂಟೆಯ ಆಸುಪಾಸು. ರೋಮ್‌ನಲ್ಲಿ ನಾಲ್ಕು ಗಂಟೆ ಕಾಯಬೇಕಾದರೆ ಫ್ರಾಂಕ್‌ಫರ್ಟೇ ಮೊದಲು ತಲುಪಿಸುತ್ತೆ. ಒಟ್ಟು ಅವಧಿಯ ಸಾಲನ್ನು ನೋಡಿ ಆರಿಸಿ. ಎರಡೂ ಊರು ಯುಟಿಸಿ+1ರ ಪಟ್ಟಿಯಲ್ಲಿವೆ, ಆದ್ದರಿಂದ ಹೋಗುವಾಗ ಗಡಿಯಾರ ಎರಡು ಸಲ ಒಂದೊಂದು ಗಂಟೆ ಮುಂದಕ್ಕೆ. ಲೇಓವರ್ ಲೆಕ್ಕ ಹಾಕುವಾಗ ಆ ಊರಿನ ಗಡಿಯಾರ ಮಾತ್ರ ಹಿಡಿಯಿರಿ.

ಎರಡು ಬೇರೆ ಬೇರೆ ಟಿಕೆಟ್ ಕೊಂಡು ಜೋಡಿಸಬೇಡಿ ಅನ್ನುವುದು ನನ್ನ ಗಟ್ಟಿ ಸಲಹೆ. ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ. ಬ್ಯಾಗ್ ಕೂಡ ಅಲ್ಲೇ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಒಂದೇ ಬುಕಿಂಗ್ ಆಗಿದ್ದರೆ ಮುಂದಿನ ಫ್ಲೈಟ್‌ಗೆ ಕೂರಿಸುವ ಹೊಣೆ ಏರ್‌ಲೈನ್‌ದು.

ಲಂಡನ್ ಮೇಲಿನ ಟಿಕೆಟ್ ಅಗ್ಗ ಕಂಡರೆ ಇನ್ನೊಂದು ಸಲ ಯೋಚಿಸಿ. ಪೋರ್ಚುಗಲ್, ಇಟಲಿ, ಜರ್ಮನಿ, ಗ್ರೀಸ್ ನಾಲ್ಕೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿವೆ, ನಡುವೆ ಮಾಮೂಲಿ ಪಾಸ್‌ಪೋರ್ಟ್ ಕೌಂಟರ್ ಇಲ್ಲ. ಲಂಡನ್ ಹೊರಗಿದೆ. ಲಿಸ್ಬನ್‌ನಲ್ಲಿ ಷೆಂಗೆನ್‌ನಿಂದ ನಿರ್ಗಮನದ ದಾಖಲೆ, ಅಥೆನ್ಸ್‌ನಲ್ಲಿ ಮತ್ತೆ ಪ್ರವೇಶ. ಸಿಂಗಲ್ ಎಂಟ್ರಿ ವೀಸಾದವರಿಗೆ ಲಿಸ್ಬನ್‌ನಲ್ಲೇ ವೀಸಾ ಮುಗಿದುಹೋಗುತ್ತೆ. ಲಂಡನ್‌ನಲ್ಲಿ ಏರ್‌ಪೋರ್ಟ್ ದಾಟಿ ಹೊರಬರದಿದ್ದರೂ ಇದು ತಪ್ಪುವುದಿಲ್ಲ.

ದೂರದ ಅಂಕಿ ದುಡ್ಡಿಗೆ ಸಂಬಂಧಪಡುವ ಒಂದು ಜಾಗವೂ ಇದೆ. ಯುರೋಪಿಯನ್ ಒಕ್ಕೂಟದ ನಿಯಮ 261/2004 ಪ್ರಕಾರ, ಏರ್‌ಲೈನ್‌ನ ಹೊಣೆಯಿಂದ ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ ಪರಿಹಾರ ಕೇಳಬಹುದು. 1,500 ಕಿ.ಮೀ.ವರೆಗೆ 250 ಯೂರೋ, ಒಕ್ಕೂಟದೊಳಗಿನ ಅದಕ್ಕಿಂತ ದೂರದ ಫ್ಲೈಟ್‌ಗೆ 400. ದೂರ ಅಳೆಯುವುದು ಗ್ರೇಟ್ ಸರ್ಕಲ್‌ನಲ್ಲೇ. ಒಂದೇ ಬುಕಿಂಗ್‌ನಲ್ಲಿ ಫ್ರಾಂಕ್‌ಫರ್ಟ್ ಸುತ್ತಿ ಹೋದರೂ ಮೊದಲ ಊರಿನಿಂದ ಕೊನೆಯ ಊರಿಗೆ ನೇರ ದೂರವೇ ಲೆಕ್ಕ, 3,689 ಅಲ್ಲ. ಯುರೋಪಿನ ನ್ಯಾಯಾಲಯ 2017ರಲ್ಲಿ ಹಾಗೆ ಹೇಳಿದೆ. ತಲುಪಿದ ಸಮಯ ಅಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ವಿಮಾನದ ಬಾಗಿಲು ತೆರೆದದ್ದು. ಇದು 2014ರ ತೀರ್ಪು. ಎರಡು ಗಂಟೆ 55 ನಿಮಿಷ ತಡವಾಗಿ ಇಳಿದು, ಗೇಟ್ ಸಿಗದೆ ನಿಂತಿದ್ದರೆ ಬಾಗಿಲು ತೆರೆದ ಗಳಿಗೆಯನ್ನು ಗಡಿಯಾರ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಆ ಐದು ನಿಮಿಷಕ್ಕೆ 400 ಯೂರೋ ತೂಕ ಇದೆ.

---

ಹೆದ್ದಾರಿ_ಇ90 ಉತ್ತರ:

ಕಾರಿನ ದಾರಿ. ನೇರ ದೂರದ ಒಂದೂವರೆ ಪಟ್ಟು ಬರಲು ಕಾರಣ ನಡುವೆ ಮೆಡಿಟರೇನಿಯನ್ ಕೂತಿರುವುದು. ಇ90 ಅನ್ನುವ ಯುರೋಪಿಯನ್ ರಸ್ತೆ ಲಿಸ್ಬನ್‌ನಲ್ಲೇ ಶುರುವಾಗಿ ಗ್ರೀಸ್‌ಗೂ ಬರುತ್ತೆ, ಆದರೆ ಬಾರ್ಸಿಲೋನಾದಲ್ಲಿ ಸಮುದ್ರಕ್ಕೆ ಬಂದು ನಿಂತು ಸಿಸಿಲಿಯಲ್ಲಿ ಮತ್ತೆ ಎದ್ದುಕೊಳ್ಳುತ್ತೆ. ಇಟಲಿಯ ಬ್ರಿಂಡಿಸಿಯಲ್ಲಿ ಮತ್ತೊಮ್ಮೆ ಮುಳುಗಿ ಗ್ರೀಸ್‌ನ ಇಗೂಮೆನಿಟ್ಸಾದಲ್ಲಿ ಏಳುತ್ತೆ.

ಪೂರ್ತಿ ನೆಲದ ಮೇಲೆ ಹೋಗಬೇಕಾದರೆ ಮ್ಯಾಡ್ರಿಡ್, ಬಾರ್ಸಿಲೋನಾ, ಮಿಲಾನ್, ಟ್ರಿಯೆಸ್ಟೆ, ಝಾಗ್ರೆಬ್, ಬೆಲ್‌ಗ್ರೇಡ್, ಸ್ಕೋಪ್ಯೆ, ಥೆಸಲೊನೀಕಿ, ಅಥೆನ್ಸ್. ಸುಮಾರು 4,400 ಕಿ.ಮೀ. ಸರಾಸರಿ 100ರಂತೆ 44 ಗಂಟೆ ಸ್ಟೀರಿಂಗ್ ಹಿಂದೆ. ದಿನಕ್ಕೆ ಒಂಬತ್ತು ಗಂಟೆ ಓಡಿಸಿದರೆ ಐದು ದಿನ. ಈ ದಾರಿಯಲ್ಲಿ ಸರ್ಬಿಯಾ ಮತ್ತು ಉತ್ತರ ಮ್ಯಾಸಿಡೋನಿಯಾ ಷೆಂಗೆನ್ ಹೊರಗೆ. ಸಿಂಗಲ್ ಎಂಟ್ರಿ ವೀಸಾದ ತೊಡಕು ಇಲ್ಲೂ ಬರುತ್ತೆ. ಬಾಡಿಗೆ ಕಾರಾದರೆ ಆ ದೇಶಗಳಿಗೆ ಒಯ್ಯಲು ಲಿಖಿತ ಒಪ್ಪಿಗೆ, ಅಲ್ಲಿಗೂ ಅನ್ವಯಿಸುವ ಇನ್ಶೂರೆನ್ಸ್ ಬೇಕು. ಷೆಂಗೆನ್ ಬಿಡದೆ ಹೋಗಬೇಕಾದರೆ ಹಂಗೇರಿ, ರೊಮೇನಿಯಾ, ಬಲ್ಗೇರಿಯಾ ಮೇಲೆ. 2025ರ ಜನವರಿ 1ರಿಂದ ಕೊನೆಯೆರಡರ ಭೂಗಡಿಯೂ ಷೆಂಗೆನ್‌ಗೆ ಸೇರಿದೆ. ಆದರೆ ಕಿಲೋಮೀಟರ್ ಇನ್ನೂ ಏರುತ್ತೆ.

ನನ್ನ ಮಟ್ಟಿಗೆ ಫೆರಿ ಸೇರಿಸಿಕೊಂಡ ದಾರಿಯೇ ಮೇಲು. ಲಿಸ್ಬನ್–ಬಾರ್ಸಿಲೋನಾ 1,250 ಕಿ.ಮೀ. ರಸ್ತೆ. ಬಾರ್ಸಿಲೋನಾದಿಂದ ರೋಮ್ ಹತ್ತಿರದ ಚಿವಿತವೆಕ್ಕಿಯಾಗೆ ಸುಮಾರು 20 ಗಂಟೆ ಹಡಗು. ಅಲ್ಲಿಂದ ಬಾರಿಗೆ 500 ಕಿ.ಮೀ. ಬಾರಿಯಿಂದ ಪಾತ್ರಾಸ್‌ಗೆ ರಾತ್ರಿ ಹಡಗು, 16 ಗಂಟೆಯಷ್ಟು. ಪಾತ್ರಾಸ್‌ನಿಂದ ಅಥೆನ್ಸ್ 215. ಓಡಿಸುವುದು 2,000 ಕಿ.ಮೀ. ಒಳಗೇ ಮುಗಿಯುತ್ತೆ, ಎರಡು ರಾತ್ರಿ ಹಡಗಿನಲ್ಲಿ ಮಲಗಿದಂತಾಗುತ್ತೆ. ಫೆರಿ ಬುಕ್ ಮಾಡುವಾಗ ಕಾರಿನ ಎತ್ತರ, ಉದ್ದ ಸರಿಯಾಗಿ ಹಾಕಿ. ಮೇಲೆ ರೂಫ್ ಬಾಕ್ಸ್ ಇದ್ದರೆ ಅದನ್ನೂ ಸೇರಿಸಿ ಅಳೆಯಿರಿ, ಇಲ್ಲದಿದ್ದರೆ ಬಂದರಿನಲ್ಲಿ ಹೆಚ್ಚಿನ ದರ ಕೇಳುತ್ತಾರೆ.

---

ದಿಕ್ಸೂಚಿ:

ಡೈರೆಕ್ಟ್ ಫ್ಲೈಟೇ ಸರಿ ಅನ್ನಿಸುತ್ತಿದೆ. ಕೊನೆಯದಾಗಿ, ಮನೆ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಇಟ್ಟುಕೊಳ್ಳಲಿ?

---

ಮೋಡದಮೇಲೆ:

ಹೋಗುವಾಗ ಏಳೂವರೆ ಗಂಟೆ. ಲಿಸ್ಬನ್ ನಡುಭಾಗದಿಂದ ಏರ್‌ಪೋರ್ಟ್‌ಗೆ ಮೆಟ್ರೋದ ಕೆಂಪು ಲೈನ್‌ನಲ್ಲಿ ಅರ್ಧ ಗಂಟೆ, ಅಲ್ಲಿ ಎರಡು ಗಂಟೆ, ಹಾರಾಟ 3:55. ಇಳಿದು ಬ್ಯಾಗ್ ಹಿಡಿಯಲು ಕಾಲು-ಅರ್ಧ ಗಂಟೆ, ಅಥೆನ್ಸ್ ಮೆಟ್ರೋದ 3ನೇ ಲೈನ್‌ನಲ್ಲಿ ಸಿಂತಾಗ್ಮಾ ಚೌಕಕ್ಕೆ 40 ನಿಮಿಷ. ಏರ್‌ಪೋರ್ಟ್‌ವರೆಗೆ ಬರುವ ರೈಲು ಅರ್ಧ ಗಂಟೆಗೊಂದರ ಆಸುಪಾಸು ಮಾತ್ರ, ಒಂದು ತಪ್ಪಿದರೆ ಎಕ್ಸ್95 ಬಸ್ ನೋಡಿ, ಅದು ರಾತ್ರಿಯಿಡೀ ಇದೆ. ವಾಪಸ್ ಬರುವಾಗ ಎಂಟು ಗಂಟೆ ಹಿಡಿಯಿರಿ.

ಲಿಸ್ಬನ್‌ನಲ್ಲಿ ಟರ್ಮಿನಲ್ ನೋಡಿಕೊಳ್ಳಿ. ಕಡಿಮೆ ದರದ ಕೆಲವು ಏರ್‌ಲೈನ್‌ಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ಮೆಟ್ರೋ ನಿಲ್ಲುವುದು 1ರಲ್ಲಿ, ಅಲ್ಲಿಂದ ಶಟಲ್ ಬಸ್ ಹತ್ತಬೇಕು, ಹದಿನೈದು ನಿಮಿಷ ಕೈಯಲ್ಲಿರಲಿ.

ಫೋನಿನ ಕ್ಯಾಲೆಂಡರ್‌ಗೆ ಹಾಕುವಾಗ ಹೊರಡುವ ಸಮಯಕ್ಕೆ ಲಿಸ್ಬನ್, ತಲುಪುವ ಸಮಯಕ್ಕೆ ಅಥೆನ್ಸ್ ಅಂತ ಟೈಮ್ ಜೋನ್ ಬೇರೆ ಬೇರೆ ಆರಿಸಿ. ಲಿಸ್ಬನ್‌ನಲ್ಲಿ ಕೂತು ವಾಪಸ್ ಫ್ಲೈಟನ್ನು ಬರೀ 09:00 ಅಂತ ಹಾಕಿದರೆ, ಅಥೆನ್ಸ್‌ನಲ್ಲಿ ಇಳಿದ ಕೂಡಲೇ ಫೋನ್ ಅದನ್ನು 11:00 ಅಂತ ತೋರಿಸುತ್ತೆ. ಅಷ್ಟು ಹೊತ್ತಿಗೆ ಫ್ಲೈಟ್ ಸಾರ್ಡೀನಿಯಾ ದಾಟುತ್ತಿರುತ್ತೆ.